ಡಿಡ್ ಬಂದ ಮೇಲೆ ಕೇಮ್ ಯಾಕೆ ಕಮ್ ಆಗುತ್ತೆ? ಹಿರಿಯರನ್ನ ಹಿ ಅನ್ನೋದು ಹೇಗೆ? ತಿಳಿದವರು ಹೇಳಿ

ಲ್ಯಾಬ್ ಕೌಂಟರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂ. ಆಮೇಲೆ ಬಿಕಾಂ ಮಾಡಿದೆ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ನಿಧಾನಕ್ಕೆ ಬರೆಯೋಕೂ ಬರುತ್ತೆ. ಮಾತಾಡೋವಾಗ ಮಾತ್ರ ಎರಡು ಕಡೆ ಯಾವಾಗಲೂ ಎಡವುತ್ತೇನೆ. ಈಗ ಒಂದು ರಕ್ತಪರೀಕ್ಷೆ ಲ್ಯಾಬಿನ ಕೌಂಟರಿನಲ್ಲಿ ಕೂರೋ ಕೆಲಸ. ಮೆಡಿಕಲ್ ಕಾಲೇಜುಗಳಿರೋ ಊರು, ಹೊರರಾಜ್ಯದ ಹುಡುಗರು ತುಂಬ ಬರ್ತಾರೆ. ಅವರ ಹತ್ತಿರ ಇಂಗ್ಲಿಷೇ ಆಗಬೇಕು.

ಮೊದಲನೇದು ಇದು. "ಡಿಡ್ ಯು ಕೇಮ್ ಯೆಸ್ಟರ್‌ಡೇ?" ಅಂತಲೇ ಬಾಯಿಗೆ ಬರುತ್ತೆ. ತಪ್ಪು ಅಂತ ಆಡಿದ ಮರುಕ್ಷಣ ಗೊತ್ತಾಗುತ್ತೆ. ಆದರೆ ನಿನ್ನೆ ಆಗಿಹೋದ ವಿಷಯ ತಾನೇ, ಕೇಮ್ ಯಾಕಾಗಬಾರದು ಅಂತ ಒಳಗಿನ ಮನಸ್ಸು ಕೇಳ್ತಾನೇ ಇರುತ್ತೆ.

ಇನ್ನೊಂದು ಹೋದ ವಾರ ಆಗಿದ್ದು. ಒಬ್ಬ ಹುಡುಗಿ ಬಂದು ಡಾಕ್ಟರ್ ಇದ್ದಾರಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. "ಯೆಸ್, ದೇ ಆರ್ ಇನ್‌ಸೈಡ್, ದೇ ವಿಲ್ ಕಾಲ್ ಯು" ಅಂದೆ. ಅವಳು ಬಾಗಿಲ ಕಡೆ ನೋಡಿ, "ಹೌ ಮೆನಿ ಡಾಕ್ಟರ್ಸ್?" ಅಂದಳು. ಇರೋದು ಒಬ್ಬರೇ. ಅರವತ್ತು ದಾಟಿದ ಹಿರಿಯರು. ಅವರನ್ನ "ಹಿ" ಅನ್ನೋಕೆ ನನಗೆ ಬಾಯೇ ಏಳಲ್ಲ. ಅವನು ಅಂದ ಹಾಗಾಗುತ್ತೆ.

ರೂಲುಗಳ ಪಟ್ಟಿ ನನ್ನ ಹತ್ತಿರ ಇದೆ, ಅದು ಬೇಡ. ಯಾಕೆ ಹಾಗೆ ಅಂತ ಗೊತ್ತಾದರೆ ನನಗೆ ನೆನಪಲ್ಲಿ ನಿಲ್ಲುತ್ತೆ.

ಧಾರವಾಡದಾಂವ

ಅಕ್ಕಾರ, ಡಿಡ್ ಬಂತಂದ್ರ ಮುಂದ ಮೊದಲನೇ ರೂಪ. ಗೋ, ವೆಂಟ್, ಗಾನ್ ಒಳಗ ಗೋ. ನಮ್ಮ ಸಾಲ್ಯಾಗ ಇಷ್ಟ ಕಲಿಸ್ಯಾರ. ಯಾಕ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿಮ್ಮ ಪ್ರಶ್ನೆ ನೋಡಿ ನನಗೂ ಕುತೂಹಲ ಆತು. ಇಲ್ಲೇ ಕೂಡ್ತೀನಿ, ಯಾರರ ಹೇಳ್ರಿ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ನೋಡಮ್ಮ, ನಿನ್ನ ಮೊದಲ ಪ್ರಶ್ನೆಗೆ ಉತ್ತರ ಕನ್ನಡದಲ್ಲೇ ಇದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಇದು ನನಗೇ ಹೊಳೆದದ್ದು ಕೊನೆಕೊನೆಯ ವರ್ಷಗಳಲ್ಲಿ. ಅದಕ್ಕೂ ಮೊದಲು ಕಲಿತುಹೋದ ಮಕ್ಕಳಿಗೆ ಹೇಳಲಾಗಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಇದೆ.

"ಅವಳು ಬಂದಳು" ಅನ್ನೋ ಮಾತು ತಗೋ. ಇದಕ್ಕೆ ಇಲ್ಲ ಸೇರಿಸು. ಏನಾಯ್ತು? "ಅವಳು ಬರಲಿಲ್ಲ." ಬಂದಳಿಲ್ಲ ಅಂತ ನಾವ್ಯಾರೂ ಮಾತಾಡಲ್ಲ. ಬಂದಳು ಅನ್ನೋ ಪದದ ಮೇಲೆ ಎರಡು ಹೊರೆ ಇದ್ದವು. ಬಂದ್ ಅನ್ನೋದರಲ್ಲಿ ಆಗಿಹೋದ ಕಾಲ, ಅಳು ಅನ್ನೋದರಲ್ಲಿ ಬಂದವಳು. ಇಲ್ಲ ಬಂದು ಪಕ್ಕದಲ್ಲಿ ಕೂತದ್ದೇ ತಡ, ಎರಡೂ ಹೊರೆ ಇಳಿದು ಕ್ರಿಯಾಪದ ಬರೀ ಬರಲ್ ಆಗಿ ನಿಂತಿತು. ನಾನು ಬರಲಿಲ್ಲ, ನೀನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ. ಯಾರು ಬಾರದಿದ್ದರೂ ರೂಪ ಒಂದೇ.

ಇಂಗ್ಲಿಷಿನ ಡಿಡ್ ಮಾಡೋದೂ ಇದನ್ನೇ. ಶಿ ಕೇಮ್. ಇಲ್ಲಿ ಕಾಲದ ಹೊರೆ ಕೇಮ್ ಮೇಲಿದೆ. ಡಿಡ್ ಬಂದರೆ ಆ ಹೊರೆಯನ್ನು ಅದು ತಾನು ಎತ್ತಿಕೊಳ್ಳುತ್ತೆ, ಕಮ್ ಹಗುರಾಗುತ್ತೆ. ಶಿ ಡಿಡ್ ನಾಟ್ ಕಮ್. ಹೊರೆ ಒಂದೇ, ಹೊರೋರೂ ಒಬ್ಬರೇ. ವರ್ತಮಾನದಲ್ಲಿ ಇದು ಕಣ್ಣಿಗೇ ಕಾಣುತ್ತೆ: ಶಿ ಗೋಸ್, ಡಸ್ ಶಿ ಗೋ? ಗೋಸ್‌ನ ಕೊನೆಗಿದ್ದ ಆ ಸದ್ದು ಅಲ್ಲಿಂದ ಎದ್ದು ಬಂದು ಡಸ್‌ನ ಕೊನೆಗೆ ಕೂತಿದೆ. "ಡಸ್ ಶಿ ಗೋಸ್" ಅಂದರೆ ಒಂದೇ ಮೂಟೆಯನ್ನು ಇಬ್ಬರ ತಲೆ ಮೇಲೂ ಇಟ್ಟ ಹಾಗೆ.

ಹಾಗಾದರೆ ನಿನ್ನ ಬಾಯಿ ತಪ್ಪೋದು ಎಲ್ಲಿ? ಗಮನಿಸು, ನೀನು ಕೊಟ್ಟ ಉದಾಹರಣೆ ಪ್ರಶ್ನೆಯದು, ಇಲ್ಲ ಅನ್ನೋದರದ್ದಲ್ಲ. ಕನ್ನಡದಲ್ಲಿ ಪ್ರಶ್ನೆ ಕೇಳುವಾಗ ಏನೂ ಕಳಚಲ್ಲ. ಬಂದಳು, ಬಂದಳಾ? ಬಂದ್ರಿ, ಬಂದ್ರಾ? ಕಾಲವೂ ಹಾಗೇ ಇರುತ್ತೆ, ಬಂದವರೂ ಹಾಗೇ ಇರುತ್ತಾರೆ, ಕೊನೆಗೊಂದು ದೀರ್ಘ ಅಷ್ಟೆ. ಆ ಅಭ್ಯಾಸವೇ "ಡಿಡ್ ಯು ಕೇಮ್" ಅಂತ ಹೊರಗೆ ಬರೋದು. ನನ್ನ ಶಾಲೆಯಲ್ಲಿ "ಡಿಡ್ ನಾಟ್ ಕೇಮ್" ಅನ್ನೋ ಮಕ್ಕಳು ಕಡಿಮೆ, "ಡಿಡ್ ಯು ಕೇಮ್" ಅನ್ನೋರು ಹೆಚ್ಚು. ಮೊದಲು ಬರಲಿಲ್ಲ, ತಿನ್ನಲಿಲ್ಲ, ಕೊಡಲಿಲ್ಲ ಜೊತೆಗೆ ಡಿಡ್ ನಾಟ್ ಕಮ್, ಡಿಡ್ ನಾಟ್ ಈಟ್, ಡಿಡ್ ನಾಟ್ ಗಿವ್ ಅಂತ ಜೋಡಿ ಮಾಡಿ ಬಾಯಲ್ಲಿ ಆಡಿಸು. ನಾಲಿಗೆ ಹದಕ್ಕೆ ಬಂದ ಮೇಲೆ ಅದೇ ಮಾತನ್ನು ಪ್ರಶ್ನೆ ಮಾಡು.

ಧಾರವಾಡದಾಂವ

ಬರಲಿಲ್ಲ! ದಿನಾ ಆಡೋ ಮಾತು, ಒಂದಿನಾನೂ ಹಿಂಗ ನೋಡಿದ್ದಿಲ್ಲ. ಸರ್, ನಿಮ್ಮ ಕೈಯಾಗ ಕಲಿತ ಹುಡುಗೂರು ಪುಣ್ಯಾ ಮಾಡ್ಯಾವ.

ಭಾಷಾಶಾಸ್ತ್ರ ಓದುತ್ತಿರುವವಳು

ಮೇಷ್ಟ್ರು ಹೇಳಿದ್ದು ಸರಿ. ಒಂದು ತಿದ್ದುಪಡಿ, ಒಂದು ಸೇರ್ಪಡೆ.

ತಿದ್ದುಪಡಿ ಸಣ್ಣದು. ಕನ್ನಡದಲ್ಲಿ "ಬಂದಿಲ್ಲ" ಅಂತಲೂ ಇದೆ. ಅಲ್ಲಿ ಬಂದು ಅನ್ನೋ ಭೂತರೂಪ ಉಳಿದಿದೆ, ಬಂದವರು ಯಾರು ಅನ್ನೋ ಗುರುತು ಮಾತ್ರ ಬಿದ್ದಿದೆ. ಅದಕ್ಕೆ ಸರಿಜೋಡಿ "ಹ್ಯಾಸ್ ನಾಟ್ ಕಮ್", ಡಿಡ್ ಅಲ್ಲ. "ರಿಪೋರ್ಟ್ ಇನ್ನೂ ಬಂದಿಲ್ಲ" ಅಂದರೆ "ದ ರಿಪೋರ್ಟ್ ಹ್ಯಾಸ್ ನಾಟ್ ಕಮ್ ಯೆಟ್". "ನಿನ್ನೆ ಬರಲಿಲ್ಲ" ಅಂದರೆ "ಡಿಡ್ ನಾಟ್ ಕಮ್ ಯೆಸ್ಟರ್‌ಡೇ". ಕೌಂಟರಿನಲ್ಲಿ ಎರಡೂ ಬೇಕಾಗುತ್ತೆ, ಅದಕ್ಕೇ ಹೇಳಿದೆ. ಕನ್ನಡದ ಕಿವಿಯನ್ನೇ ನಂಬಿ. ಎಲ್ಲಿ ಬಂದಿಲ್ಲ, ಎಲ್ಲಿ ಬರಲಿಲ್ಲ ಅಂತ ನಿಮಗೆ ಆಗಲೇ ಗೊತ್ತು.

ಸೇರ್ಪಡೆ ಇದು. ನಿಮ್ಮ ಒಳಮನಸ್ಸಿನ ತಕರಾರು ಹುರುಳಿಲ್ಲದ್ದಲ್ಲ. ಇಂಗ್ಲಿಷೂ ಒಂದು ಕಾಲಕ್ಕೆ ಡಿಡ್ ಇಲ್ಲದೇ ಪ್ರಶ್ನೆ ಕೇಳುತ್ತಿತ್ತು. "ಕೇಮ್ ಶಿ?" "ಶಿ ಕೇಮ್ ನಾಟ್." 1611ರ ಬೈಬಲ್ ಅನುವಾದದಲ್ಲಿ ಇಂಥ ರಚನೆ ಧಾರಾಳವಾಗಿ ಸಿಗುತ್ತೆ. ಸುಮಾರು 1500ರಿಂದ 1700ರ ನಡುವೆ ಈ ಡೂ ಅನ್ನೋ ಸಹಾಯಕ ಬೆಳೆದು ಜಾಗ ಹಿಡಿಯಿತು. ಹಳೆಯ ಕ್ರಮ ಉಳಿದಿರೋದು ಕೆಲವೇ ಪದಗಳಲ್ಲಿ: ಈಸ್ ಶಿ, ಕ್ಯಾನ್ ಶಿ, ಮಸ್ಟ್ ಐ. ಇವಕ್ಕೆ ಡೂ ಬೇಡ.

ಕ್ಯಾನ್ ವಿಷಯ ಬಂತು ಅಂತ ಇನ್ನೊಂದು. "ಶಿ ಕ್ಯಾನ್ಸ್" ಅಂತ ಯಾಕಿಲ್ಲ ಅಂತ ಮಕ್ಕಳು ಕೇಳ್ತಾರೆ. ಕ್ಯಾನ್, ಮೇ, ಶಲ್, ಮಸ್ಟ್ ಇವೆಲ್ಲ ಮೂಲದಲ್ಲಿ ಭೂತಕಾಲದ ರೂಪದ ಪದಗಳು, ವರ್ತಮಾನದ ಅರ್ಥಕ್ಕೆ ಬಳಕೆಯಾಗಿ ಉಳಿದವು. ಭೂತರೂಪಕ್ಕೆ ಗೋಸ್‌ನ ಕೊನೆಯ ಆ ಸ್ ಅನ್ನೋ ಬಾಲ ಅಂಟೋದಿಲ್ಲ, ಶಿ ಕೇಮ್ಸ್ ಅಂತ ಹೇಗಿಲ್ಲವೋ ಹಾಗೆ. ಪದಗಳ ಅರ್ಥ ಬದಲಾಯಿತು, ಮೈಕಟ್ಟು ಹಳೇದೇ ಉಳಿಯಿತು.

ಎಂಟನೇ ಕ್ಲಾಸಿನ ಮಗಳ ಅಪ್ಪ, ತುಮಕೂರು

ಹಾಗಾದರೆ ಆ ಬಾಲ ಯಾಕೆ ಮೂರನೆಯವರಿಗೆ ಮಾತ್ರ? ಐ ಗೋ, ಯು ಗೋ, ದೇ ಗೋ, ಶಿ ಮಾತ್ರ ಗೋಸ್. ಮಗಳು ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಭಾಷಾಶಾಸ್ತ್ರ ಓದುತ್ತಿರುವವಳು

ಮಗಳಿಗೆ ಹೀಗೆ ಹೇಳಿ ಸರ್. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮ ಬರ್ತೀನಿ, ಬರ್ತೀಯ, ಬರ್ತಾಳೆ ಥರ ಒಂದೊಂದು ಪುರುಷಕ್ಕೂ ಬೇರೆ ಬಾಲ ಇತ್ತು. ಕಾಲಕ್ರಮದಲ್ಲಿ ಒಂದೊಂದಾಗಿ ಸವೆದುಹೋದವು. ಉಳಿದ ಕೊನೆಯ ಹಲ್ಲು ಈ ಸ್. ಇದು ಕೂಡ ಲಂಡನ್ ಕಡೆಯದಲ್ಲ, ಇಂಗ್ಲೆಂಡಿನ ಉತ್ತರ ಸೀಮೆಯಿಂದ ಇಳಿದು ಬಂದದ್ದು. ದಕ್ಷಿಣದವರು ಗೋಎತ್, ಕಮೆತ್ ಅನ್ನುತ್ತಿದ್ದರು. ಪೂರ್ವದ ನಾರ್ಫೋಕ್ ಸೀಮೆಯ ಹಳೆಯ ಆಡುಮಾತಿನಲ್ಲಿ ಆ ಕೊನೆಯ ಬಾಲವೂ ಇಲ್ಲ, "ಶಿ ಗೋ" ಅಂತಲೇ ಮಾತು. ಪರೀಕ್ಷೆಯಲ್ಲಿ ಸ್ ಬರೆಯಲೇಬೇಕು. ಆದರೆ "ಶಿ ಗೋ" ಅಂದವರಿಗೆ ಬುದ್ಧಿ ಇಲ್ಲ ಅಂತ ಯಾರೂ ಮಗಳಿಗೆ ಹೇಳದ ಹಾಗೆ ನೋಡಿಕೊಳ್ಳಿ.

ಸರ್ವನಾಮಕ್ಕೂ ಇದಕ್ಕೂ ನಂಟಿದೆ. "ಊಟ ಮಾಡಿ ಬರ್ತೀನಿ" ಅಂದರೆ ಬರೋರು ಯಾರು ಅಂತ ಬಾಲವೇ ಹೇಳುತ್ತೆ, ನಾನು ಅನ್ನೋ ಪದ ಬೇಡ. ಇಂಗ್ಲಿಷಿನಲ್ಲಿ "ವಿಲ್ ಕಮ್" ಅಂದರೆ ಯಾರು? ಬಾಲ ಇಲ್ಲ. ಐ ಹೇಳಲೇಬೇಕು. ಮಳೆಗೂ ಹಾಗೇ. ನಮಗೆ "ಮಳೆ ಬರ್ತಿದೆ", ಬರ್ತಿರೋದು ಮಳೆಯೇ. ಇಂಗ್ಲಿಷಿನಲ್ಲಿ ರೇನ್ ತಾನೇ ಕ್ರಿಯಾಪದ ಆಗಿ ಕೂತಿದೆ, ಅದಕ್ಕೂ ಮೊದಲಿನ ಕುರ್ಚಿ ಖಾಲಿ. ಆ ಕುರ್ಚಿ ಖಾಲಿ ಇರೋ ಹಾಗಿಲ್ಲ, ಅದಕ್ಕೆ ಇಟ್ ಅನ್ನೋ ಪದ ತಂದು ಕೂರಿಸ್ತಾರೆ. ಇಟ್ ಈಸ್ ರೇನಿಂಗ್. ಆ ಇಟ್‌ಗೆ ಅರ್ಥ ಹುಡುಕಬೇಡಿ.

ವ್ಯಾಪಾರಸ್ಥ, ಹಾಸನ

ಇಷ್ಟೆಲ್ಲ ಇತಿಹಾಸ ಕಟ್ಟಿಕೊಂಡು ಏನು ಮಾಡೋದು? ನಾನು ಪಿಯುಸಿ ಫೇಲು. ಕಾಫಿ ಬೀಜದ ವ್ಯಾಪಾರ, ಕೇರಳದವರು, ಗುಜರಾತಿನವರು ಎಲ್ಲರ ಜೊತೆಗೂ ಇಂಗ್ಲಿಷಿನಲ್ಲೇ ಮಾತಾಡ್ತೀನಿ. ಯಾಕೆ ಅಂತ ಕೇಳಲಿಲ್ಲ, ಕಿವಿಗೆ ಬಿದ್ದದ್ದನ್ನ ಹಾಗೇ ಆಡಿದೆ. ಮಗು ಕನ್ನಡ ಕಲಿಯೋವಾಗ ವಿಭಕ್ತಿ ಪ್ರತ್ಯಯ ಓದುತ್ತಾ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ನೀವು ಹೇಳೋದರಲ್ಲಿ ಸತ್ಯ ಇದೆ. ಕೇಳಿ ಕಲಿತದ್ದು ಗಟ್ಟಿ. ಆದರೆ ಮಗುವಿಗೆ ದಿನವಿಡೀ ಕನ್ನಡ ಆಡೋ ಮನೆ ಇರುತ್ತೆ, ತಪ್ಪಿದರೆ ನಗುತ್ತಾ ತಿದ್ದೋ ಅಜ್ಜಿ ಇರುತ್ತಾಳೆ. ಈ ಹೆಣ್ಣುಮಗಳ ಕೌಂಟರಿಗೆ ಬರೋರು ಎರಡು ನಿಮಿಷ ನಿಂತು ಹೋಗ್ತಾರೆ. ಅವಳಿಗೆ ಸಿಗೋ ಇಂಗ್ಲಿಷು ತುಣುಕು ತುಣುಕು. ಅವನ್ನೆಲ್ಲ ಜೋಡಿಸೋಕೆ ಒಂದು ದಾರ ಬೇಕು. ಯಾಕೆ ಅನ್ನೋದು ಆ ದಾರ.

ಕುಡ್ಲದವಳು

ಅಕ್ಕ, ನಿಮ್ಮ ಡಾಕ್ಟರ ಕತೆ ಓದಿ ನನ್ನದೇ ಕತೆ ಓದಿದ ಹಾಗೆ ಆಯ್ತು. ನಾನು ಬ್ಯಾಂಕಿನಲ್ಲಿ ಇದ್ದೇನೆ. ಮ್ಯಾನೇಜರನ್ನು ಎಷ್ಟೋ ಸಮಯ ದೇ ಅಂತಲೇ ಹೇಳುತ್ತಿದ್ದೆ. ನಮ್ಮ ತುಳುವಿನಲ್ಲಿ ಸಹ ಆಯೆ ಅಂದರೆ ಅವನು, ಆರ್ ಅಂದರೆ ಅವರು. ದೊಡ್ಡವರನ್ನು ಆಯೆ ಅಂತ ಹೇಳಿದರೆ ಮನೆಯಲ್ಲಿ ಬೈಗಳೇ. ನಾನು ಕಂಡುಕೊಂಡ ಉಪಾಯ ಎಂತ ಅಂದರೆ, ಸರ್ವನಾಮವನ್ನೇ ಬಿಟ್ಟು ಪದವಿ ಹೇಳುವುದು. "ದ ಡಾಕ್ಟರ್ ಈಸ್ ಇನ್‌ಸೈಡ್. ಡಾಕ್ಟರ್ ವಿಲ್ ಕಾಲ್ ಯು." ಒಂದು ವಾಕ್ಯಕ್ಕೆ ಇದು ಸಾಕು ಮಾರಾಯ್ರೆ, ನಾಲ್ಕು ವಾಕ್ಯ ಆದರೆ ಕಷ್ಟ.

ಡಬ್ಲಿನ್ ಕನ್ನಡಿಗ

ಐರ್ಲೆಂಡಿಗೆ ಬಂದು ಆರು ವರ್ಷ ಆಯ್ತು. ಮೊದಲ ವರ್ಷ ನನಗೂ ಬಾಸ್ ಬಗ್ಗೆ ಹಿ ಅನ್ನೋವಾಗ ಗಂಟಲು ಹಿಡಿಯುತ್ತಿತ್ತು. ಒಂದು ವಿಷಯ ಗಮನಿಸಿದ ಮೇಲೆ ಸಲೀಸಾಯ್ತು. 2022ರಲ್ಲಿ ರಾಣಿ ಎರಡನೇ ಎಲಿಜಬೆತ್ ತೀರಿಕೊಂಡಾಗ ಟಿವಿಯಲ್ಲಿ, ಪತ್ರಿಕೆಯಲ್ಲಿ ಎಲ್ಲೆಡೆ ಶಿ, ಹರ್ ಅಂತಲೇ ಬಂತು. ಎಪ್ಪತ್ತು ವರ್ಷ ಆಳಿದ ರಾಣಿಗೂ ಶಿ, ಬೀದಿಯ ಹುಡುಗಿಗೂ ಶಿ. ಅಂದರೆ ಆ ಪದದಲ್ಲಿ ಅಗೌರವ ಇಲ್ಲ, ಗೌರವವೂ ಇಲ್ಲ. ನಾವು ಹಿ ಅಂದರೆ ಅವನು ಅಂತ ಅರ್ಥ ಬರೆದುಕೊಂಡು ಕಲಿತದ್ದೇ ತೊಂದರೆ. ಹಿ ಅಂದರೆ ಅವನೂ ಹೌದು, ಒಬ್ಬ ಗಂಡಸಾದರೆ ಅವರೂ ಹೌದು.

ಇನ್ನೊಂದು, ಇಲ್ಲಿನವರ ಇಂಗ್ಲಿಷ್ ಕೇಳಿದರೆ ನಿಮಗೆ ಧೈರ್ಯ ಬರುತ್ತೆ. ಪುಸ್ತಕದಲ್ಲಿ ಒಬ್ಬರಿಗೂ ಯು, ಹತ್ತು ಜನಕ್ಕೂ ಯು. ಇಲ್ಲಿ ಜನ ಅದನ್ನು ಒಪ್ಪಿಕೊಂಡಿಲ್ಲ. ಡಬ್ಲಿನ್ನಿನಲ್ಲಿ ಹಲವರಿಗೆ ಯೂಸ್ ಅಂತಾರೆ, ಹಳ್ಳಿ ಕಡೆ ಯೀ ಅಂತಾರೆ. ಈಗಷ್ಟೇ ಊಟ ಆಯ್ತು ಅನ್ನೋಕೆ "ಐಯಾಮ್ ಆಫ್ಟರ್ ಈಟಿಂಗ್" ಅಂತಾರೆ. ಅದು ಅವರ ಹಳೆಯ ಐರಿಷ್ ಭಾಷೆಯ ರಚನೆ, ಇಂಗ್ಲಿಷ್ ಪದ ತೊಟ್ಟುಕೊಂಡಿದೆ. ಮೊದಲ ಸಲ ಕೇಳಿದಾಗ ಊಟಕ್ಕೆ ಹುಡುಕಾಡ್ತಿದ್ದಾರೇನೋ ಅಂದುಕೊಂಡೆ. ತಮ್ಮ ಮನೆಭಾಷೆಯ ಅಚ್ಚು ಇಂಗ್ಲಿಷಿನ ಮೇಲೆ ಬಿದ್ದದ್ದಕ್ಕೆ ಅವರು ನಾಚಿಕೊಳ್ಳೋದಿಲ್ಲ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಡಬ್ಲಿನ್ನಿನವರು ಹೇಳಿದ್ದು ಮುಖ್ಯವಾದ ಮಾತು. ಅದನ್ನು ಸ್ವಲ್ಪ ಮುಂದೆ ತಗೊಂಡು ಹೋಗ್ತೀನಿ, ಯಾಕೆಂದರೆ ನಮ್ಮವರು ಇಂಗ್ಲಿಷ್ ಮಾತಾಡುವಾಗ ಒರಟಾಗಿ ಕೇಳಿಸೋದಕ್ಕೆ ಕಾರಣ ಇಲ್ಲಿದೆ.

ಇಂಗ್ಲಿಷಿನಲ್ಲೂ ನೀನು, ನೀವು ಇದ್ದವು. ದೌ ಅಂದರೆ ನೀನು. ಬಹುವಚನದ್ದನ್ನೇ ದೊಡ್ಡವರೊಬ್ಬರಿಗೂ ಗೌರವಕ್ಕೆ ಬಳಸಿದರು, ಥೇಟ್ ನಮ್ಮ ನೀವು ಹಾಗೆ. ಹದಿನೇಳನೇ ಶತಮಾನ ಕಳೆಯೋ ಹೊತ್ತಿಗೆ ಶಿಷ್ಟ ಭಾಷೆಯಲ್ಲಿ ದೌ ಬಿದ್ದುಹೋಯಿತು, ಎಲ್ಲರೂ ಯು ಆದರು. ಆದ್ದರಿಂದ ಯು ಅಂದರೆ ನೀನು ಅಲ್ಲ. ಉಳಿದದ್ದು ನೀವು.

ಹಾಗಾದರೆ ಮರ್ಯಾದೆ ಎಲ್ಲಿ ಹೋಯಿತು? ಸರ್ವನಾಮದಿಂದ ಇಳಿದು ಕ್ರಿಯಾಪದಕ್ಕೆ ಹೋಯಿತು. ನಾವು "ಸ್ವಲ್ಪ ಕೂತ್ಕೊಳ್ಳಿ" ಅಂತೀವಿ. ಆ ಇ ಕಾರದಲ್ಲೇ ಮರ್ಯಾದೆ ಇದೆ, ಬೇರೇನೂ ಬೇಡ. ಅದನ್ನೇ "ಸಿಟ್" ಅಂದರೆ ಕೂತ್ಕೋ ಅಂದಂತಾಗುತ್ತೆ. ಇಂಗ್ಲಿಷ್ ಮಾತಾಡೋರು "ಕುಡ್ ಯು ವೇಟ್ ಎ ಮಿನಿಟ್?" ಅಂತ ಕೇಳ್ತಾರೆ. ಕ್ಯಾನ್ ಹೋಗಿ ಕುಡ್, ವಿಲ್ ಹೋಗಿ ವುಡ್. ಮಾತು ಈಗಿನದು, ರೂಪ ಆಗಿಹೋದ ಕಾಲದ್ದು. ಹೇಳೋದನ್ನ ಒಂದು ಹೆಜ್ಜೆ ದೂರ ಇಟ್ಟು ಹೇಳೋದು ಅಲ್ಲಿಯ ಮರ್ಯಾದೆ. ನಾವು ಹಿ ಅನ್ನೋಕೆ ಹೆದರ್ತೀವಿ, ಅದರಲ್ಲಿ ಯಾರಿಗೂ ನೋವಿಲ್ಲ. ಆದರೆ "ಗಿವ್ ಯುವರ್ ಹ್ಯಾಂಡ್", "ಕಮ್ ಟುಮಾರೋ" ಅಂತ ಧಾರಾಳವಾಗಿ ಅಂದುಬಿಡ್ತೀವಿ, ನೋವಾಗೋದು ಅಲ್ಲಿ. ನಿನ್ನ ಡಾಕ್ಟರಿಗೆ ಹಿ ಅನ್ನಮ್ಮ. ಎದುರು ನಿಂತ ಪೇಷಂಟಿಗೆ ಕುಡ್ ಯು ಅನ್ನು.

ಲ್ಯಾಬ್ ಕೌಂಟರ್, ದಾವಣಗೆರೆ

ಸರ್, ಇದನ್ನ ಮೂರು ಸಲ ಓದಿದೆ. ನಾನು ದಿನಕ್ಕೆ ಎಷ್ಟು ಸಲ "ಸಿಟ್ ದೇರ್" ಅಂದಿದ್ದೀನೋ ಲೆಕ್ಕ ಇಲ್ಲ. ಮನಸ್ಸಿನಲ್ಲಿ ನಾನು ಅಂದಿದ್ದು "ಅಲ್ಲಿ ಕೂತ್ಕೊಳ್ಳಿ". ಅವರಿಗೆ ಕೇಳಿಸಿದ್ದು ಬೇರೆ.

ಇನ್ನೊಂದು ಘಟನೆ ಹೇಳ್ತೀನಿ, ಇದು ನನ್ನನ್ನ ತುಂಬ ದಿನದಿಂದ ಕೊರೀತಿದೆ. ಫಾಸ್ಟಿಂಗ್ ಶುಗರ್ ಟೆಸ್ಟಿಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಬೆಳಿಗ್ಗೆ ಒಬ್ಬರು ಬಂದರು, ಹೊರರಾಜ್ಯದವರು. "ಯು ಡಿಡ್ ನಾಟ್ ಈಟ್ ಎನಿಥಿಂಗ್?" ಅಂತ ಕೇಳಿದೆ. "ಯೆಸ್" ಅಂದರು. ಹೌದು, ತಿಂದಿಲ್ಲ ಅಂತ ತಗೊಂಡು ರಕ್ತಕ್ಕೆ ಕಳಿಸಿದೆ. ರಿಪೋರ್ಟ್ ಬಂದ ಮೇಲೆ ವಿಚಾರಿಸಿದರೆ ಅವರು ಇಡ್ಲಿ ತಿಂದು ಬಂದಿದ್ದರು. ಯೆಸ್ ಅಂದಿದ್ದು ತಿಂದಿದ್ದೀನಿ ಅಂತ. ಮತ್ತೆ ಮಾರನೇ ದಿನ ಬಂದು ಇನ್ನೊಮ್ಮೆ ಚುಚ್ಚಿಸಿಕೊಳ್ಳಬೇಕಾಯ್ತು. ತಪ್ಪು ಅವರದಾ, ನನ್ನದಾ?

ಭಾಷಾಶಾಸ್ತ್ರ ಓದುತ್ತಿರುವವಳು

ತಪ್ಪು ಇಬ್ಬರದೂ ಅಲ್ಲ, ಎರಡು ಭಾಷೆಗಳ ಹೌದು ಬೇರೆ ಬೇರೆ. ಕನ್ನಡದಲ್ಲಿ "ತಿಂದಿಲ್ವಾ?" ಅಂದರೆ "ಹೌದು, ತಿಂದಿಲ್ಲ" ಅಂತೀವಿ. ನಮ್ಮ ಹೌದು ಕೇಳಿದವರ ಮಾತಿಗೆ ಒಪ್ಪಿಗೆ. ನೀವು ಹೇಳಿದ್ದು ಸರಿ ಅಂತ. ಇಂಗ್ಲಿಷಿನ ಯೆಸ್ ಮುಂದಿನ ಕ್ರಿಯಾಪದವನ್ನು ಹಿಡಿದು ನಡೆಯುತ್ತೆ. ತಿಂದಿದ್ದರೆ ಯೆಸ್, ಐ ಡಿಡ್. ತಿಂದಿಲ್ಲದಿದ್ದರೆ ನೋ, ಐ ಡಿಡಂಟ್. ಪ್ರಶ್ನೆ ಹೇಗೇ ಕೇಳಿದರೂ ಅಷ್ಟೆ. "ಯೆಸ್, ಐ ಡಿಡಂಟ್" ಅನ್ನೋ ಜೋಡಿ ಅಲ್ಲಿ ಇಲ್ಲ.

ಆದರೆ ಬರೋರಲ್ಲಿ ಅರ್ಧ ಜನ ನಮ್ಮ ಥರ ಯೆಸ್ ಅನ್ನೋರು, ಇನ್ನರ್ಧ ಅವರ ಥರ. ಆದ್ದರಿಂದ ಇಲ್ಲ ಇರೋ ಪ್ರಶ್ನೆಯನ್ನೇ ಬಿಟ್ಟುಬಿಡಿ. "ವೆನ್ ಡಿಡ್ ಯು ಲಾಸ್ಟ್ ಈಟ್?" ಅಂತ ಕೇಳಿ. ಕೊನೆಗೆ ಊಟ ಮಾಡಿದ್ದು ಎಷ್ಟು ಹೊತ್ತಿಗೆ? ಅವರು ಗಂಟೆ ಹೇಳ್ತಾರೆ, ಎಣಿಸಿಕೊಳ್ಳೋದು ನಿಮ್ಮ ಕೈಲಿರುತ್ತೆ. ನೋಡಿ, ಅಲ್ಲೂ ಡಿಡ್ ಇದೆ, ಈಟ್ ಬರಿಮೈಯಲ್ಲಿದೆ.

ಧಾರವಾಡದಾಂವ

ಇದರ ಸಂಗಾಟನ "ಅಲ್ಲೇನು" ಅನ್ನೋದೂ ಹೇಳಿಬಿಡ್ರಿ. ನಾವು ಎಲ್ಲಾದಕ್ಕೂ "ಈಸಂಟ್ ಇಟ್" ಹಚ್ತೀವಿ. "ಯು ಆರ್ ಕಮಿಂಗ್, ಈಸಂಟ್ ಇಟ್?" ನಮ್ಮ ಸಾಹೇಬರು ಒಮ್ಮೆ ಎಲ್ಲಾರ ಮುಂದ ತಿದ್ದಿದ್ರು, ಭಾಳ ನೊಂದಿತ್ತು.

ಭಾಷಾಶಾಸ್ತ್ರ ಓದುತ್ತಿರುವವಳು

ನಮ್ಮ ಅಲ್ವಾ ಒಂದೇ ಕೀಲಿ, ಎಲ್ಲ ಬೀಗಕ್ಕೂ ಆಗುತ್ತೆ. ಇಂಗ್ಲಿಷಿನಲ್ಲಿ ಬೀಗಕ್ಕೊಂದು ಕೀಲಿ. ಮೊದಲು ಹೇಳಿದ ವಾಕ್ಯದ ಸಹಾಯಕ ಕ್ರಿಯಾಪದವನ್ನೇ ತಗೋಬೇಕು, ಸರ್ವನಾಮವನ್ನೇ ತಗೋಬೇಕು, ಹೌದು ಇದ್ದದ್ದನ್ನ ಇಲ್ಲ ಮಾಡಬೇಕು. ಯು ಆರ್ ಕಮಿಂಗ್, ಆರಂಟ್ ಯು? ಶಿ ಕೇಮ್, ಡಿಡಂಟ್ ಶಿ? ಕೇಮ್ ಒಳಗೆ ಅಡಗಿದ್ದ ಡಿಡ್ ಇಲ್ಲಿ ಹೊರಗೆ ಬಂತು ನೋಡಿ. ಕಷ್ಟ ಅನ್ನಿಸಿದರೆ "ರೈಟ್?" ಅನ್ನಿ, ಎಲ್ಲ ಕಡೆ ನಡೆಯುತ್ತೆ. ಲಂಡನ್ನಿನ ಹುಡುಗರು ಎಲ್ಲದಕ್ಕೂ "ಇನಿಟ್" ಅಂತಾರೆ, ಅದು ಈಸಂಟ್ ಇಟ್‌ನದ್ದೇ ಸವೆದ ರೂಪ. ನಿಮ್ಮನ್ನ ಎಲ್ಲರೆದುರು ತಿದ್ದಿದವರು ಒಂದು ಲೋಟ ನೀರು ಕೊಟ್ಟು ಪಕ್ಕಕ್ಕೆ ಕರೆದು ಹೇಳಬಹುದಿತ್ತು.

ಎಂಟನೇ ಕ್ಲಾಸಿನ ಮಗಳ ಅಪ್ಪ, ತುಮಕೂರು

ಮಗಳದ್ದು ಇನ್ನೊಂದು ಪ್ರಶ್ನೆ. "ಟೆಲ್ ಮಿ" ಸರಿಯಂತೆ, "ಎಕ್ಸ್‌ಪ್ಲೇನ್ ಮಿ" ತಪ್ಪಂತೆ. ಕನ್ನಡದಲ್ಲಿ ನನಗೆ ಹೇಳು, ನನಗೆ ವಿವರಿಸು, ಎರಡಕ್ಕೂ ನನಗೆ. ಮತ್ತೆ "ನನಗೆ ಗೊತ್ತು" ಅನ್ನೋದಕ್ಕೆ ಅಲ್ಲಿ "ಐ ನೋ". ಮಿ ಎಲ್ಲಿ ಹೋಯ್ತು?

ಭಾಷಾಶಾಸ್ತ್ರ ಓದುತ್ತಿರುವವಳು

ನಿಮ್ಮ ಮಗಳು ಹಿಡಿದಿರೋದು ಇಡೀ ಚರ್ಚೆಯ ಬೇರನ್ನೇ. ಕನ್ನಡದಲ್ಲಿ ನನಗೆ ಹಸಿವು, ನನಗೆ ಚಳಿ, ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ. ನಾವು ಮಾಡೋ ಕೆಲಸ ಅಲ್ಲ ಇವು, ನಮಗೆ ಬಂದು ಒದಗೋವು. ಮಾಡೋವಾಗ ನಾನು, ಒದಗಿದಾಗ ನನಗೆ. ಎಷ್ಟು ಸೂಕ್ಷ್ಮ ನೋಡಿ.

ಇಂಗ್ಲಿಷಿನಲ್ಲೂ ಈ ಸೂಕ್ಷ್ಮ ಇತ್ತು. ಲೈಕ್ ಅನ್ನೋ ಕ್ರಿಯಾಪದ ಹಿಂದೆ ಇಷ್ಟವಾಗು ಅನ್ನೋ ಅರ್ಥದಲ್ಲಿತ್ತು. ವಸ್ತು ಕರ್ತೃ, ಮನುಷ್ಯನಿಗೆ ಚತುರ್ಥಿ, ಅಂದರೆ ನಮ್ಮ ನನಗೆಯಲ್ಲಿರೋ ಗೆ. ಹಸಿವೂ ಹಾಗೇ, "ಮಿ ಹಂಗರ್ಸ್" ಅನ್ನೋ ಥರದ ರಚನೆ. ಮಿಥಿಂಕ್ಸ್ ಅನ್ನೋ ಹಳೆಯ ಪದ ಕೇಳಿರಬಹುದು. ಐ ಥಿಂಕ್ ಅಂತಲ್ಲ, ನನಗೆ ಅನಿಸುತ್ತೆ ಅಂತ ಅದರ ಅರ್ಥ. ಪ್ರತ್ಯಯಗಳು ಸವೆದ ಮೇಲೆ ಯಾರಿಗೆ, ಯಾರನ್ನು ಅಂತ ಹೇಳೋಕೆ ಪದ ಕೂತ ಜಾಗ ಒಂದೇ ಉಳಿಯಿತು. ಕ್ರಿಯಾಪದಕ್ಕೂ ಮೊದಲಿನ ಜಾಗದಲ್ಲಿ ಕೂತವರು ಕರ್ತೃ. ಮನುಷ್ಯರೇ ಸಾಮಾನ್ಯವಾಗಿ ಅಲ್ಲಿ ಕೂರೋದು, ಅದಕ್ಕೆ ಮಿ ಎದ್ದು ಐ ಬಂದು ಕೂತಿತು. ಐ ವಾಂಟ್, ಐ ಲೈಕ್, ಐಯಾಮ್ ಕೋಲ್ಡ್. ನೋ ಅನ್ನೋದರ ಜೊತೆ ಮಾತ್ರ ಮೊದಲಿನಿಂದಲೂ ಐ ಇತ್ತು.

ಆದ್ದರಿಂದ ನನಗೆ ಅನ್ನೋದನ್ನ ಪದಕ್ಕೆ ಪದ ಇಟ್ಟು ಮಿ ಮಾಡಬೇಡಿ. ಅದು ಕೂರೋದು ಎಲ್ಲಿ ಅಂತ ನೋಡಿ. "ನನ್ನ ತಂಗಿ ಮತ್ತು ನನಗೆ ಕೊಡಿ" ಅಂದರೆ ಗಿವ್ ಆದ ಮೇಲಿನ ಜಾಗ, "ಗಿವ್ ಮೈ ಸಿಸ್ಟರ್ ಅಂಡ್ ಮಿ". ಗೊಂದಲ ಆದರೆ ತಂಗಿಯನ್ನ ಬಿಟ್ಟು ಹೇಳಿ ನೋಡಿ. ಗಿವ್ ಐ ಅಂತ ಕಿವಿಯೇ ಒಪ್ಪಲ್ಲ. "ಅವರು ಬರಲಿ ಅಂತ ನನ್ನ ಆಸೆ" ಅನ್ನೋದು "ಐ ವಾಂಟ್ ಹಿಮ್ ಟು ಕಮ್" ಆಗುತ್ತೆ. ಬರೋರು ಅವರೇ ಆದರೂ ವಾಂಟ್ ಆದ ಮೇಲಿನ ಜಾಗದಲ್ಲಿ ಕೂತಿದ್ದಾರೆ, ಅದಕ್ಕೆ ಹಿ ಅಲ್ಲ, ಹಿಮ್.

ಎಕ್ಸ್‌ಪ್ಲೇನ್ ವಿಷಯಕ್ಕೆ ಹೊಂದೋ ಉತ್ತರ ಇದು: ಗಿವ್, ಟೆಲ್, ಸೆಂಡ್, ಶೋ ಇವೆಲ್ಲ ಇಂಗ್ಲಿಷಿನ ಮನೆಯ ಹಳೇ ಪದಗಳು, ಇವುಗಳ ಪಕ್ಕದಲ್ಲೇ ಮಿ ಕೂರುತ್ತೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್ ಲ್ಯಾಟಿನ್ ಕಡೆಯಿಂದ ಬಂದವು, ಇವಕ್ಕೆ ನಡುವೆ ಟು ಬೇಕು. ಎಕ್ಸ್‌ಪ್ಲೇನ್ ಟು ಮಿ. ಇದಕ್ಕೆ ಹೊರತಾದ ಪದಗಳೂ ಇವೆ, ಆದರೆ ಎಂಟನೇ ಕ್ಲಾಸಿಗೆ ಈ ಗುರುತು ಸಾಕು.

ವ್ಯಾಪಾರಸ್ಥ, ಹಾಸನ

ಮೇಲೆ ನಾನು ಬರೆದದ್ದನ್ನ ವಾಪಸ್ ತಗೋತಿಲ್ಲ, ಕೇಳಿಯೇ ಕಲಿಯಬೇಕು. ಆದರೆ "ಪಿಕ್ ಅಪ್ ಇಟ್" ಅಂದಾಗೆಲ್ಲ ಕೊಚ್ಚಿಯವರೊಬ್ಬರು "ಪಿಕ್ ಇಟ್ ಅಪ್" ಅಂತ ತಿರುಗಿ ಹೇಳ್ತಾರೆ. ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ, ನಾಲಿಗೆ ತಿರುಗಿಲ್ಲ. "ಪಿಕ್ ಅಪ್ ದ ಲೋಡ್" ಅಂದರೆ ಸುಮ್ಮನಿರ್ತಾರೆ. ಇದು ಯಾಕೆ ಹೇಳಿ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಜೋರಾಗಿ ಹೇಳಿ ನೋಡಿ. ವಾಕ್ಯದ ಕೊನೆಯ ಜಾಗ ಒತ್ತು ಬೀಳೋ ಜಾಗ. ಇಟ್ ಅನ್ನೋದು ಹಗುರ ಪದ, ಏನೂಂತ ಇಬ್ಬರಿಗೂ ಗೊತ್ತಿರೋದಕ್ಕೇ ಇಟ್ ಅಂದದ್ದು. ಅದಕ್ಕೆ ಕೊನೇ ಜಾಗ ದೊಡ್ಡದಾಯಿತು. ಅಪ್ ಕೊನೆಗೆ ಹೋಗುತ್ತೆ, ಇಟ್ ನಡುವೆ ನುಸುಳುತ್ತೆ. ಲೋಡ್ ತೂಕದ ಪದ, ಎಲ್ಲಿ ಬೇಕಾದರೂ ಕೂರುತ್ತೆ: ಪಿಕ್ ಅಪ್ ದ ಲೋಡ್, ಪಿಕ್ ದ ಲೋಡ್ ಅಪ್. ಫಿಲ್ ಇಟ್ ಅಪ್, ಕಾಲ್ ಹಿಮ್ ಬ್ಯಾಕ್, ಟರ್ನ್ ಇಟ್ ಆಫ್, ಎಲ್ಲ ಇದೇ ತಾಳ. "ಲುಕ್ ಅಟ್ ಇಟ್", "ವೇಟ್ ಫಾರ್ ಮಿ" ಈ ಸಾಲಿಗೆ ಸೇರಲ್ಲ, ಅಲ್ಲಿ ಅಟ್, ಫಾರ್ ಅನ್ನೋವು ನಮ್ಮ ವಿಭಕ್ತಿಯ ಕೆಲಸ ಮಾಡ್ತಿವೆ, ಇಟ್‌ಗೆ ಅಂಟಿಕೊಂಡೇ ಇರಬೇಕು.

ಲ್ಯಾಬ್ ಕೌಂಟರ್, ದಾವಣಗೆರೆ

ನಾಲ್ಕು ದಿನ ಬಿಟ್ಟು ಬರೀತಿದ್ದೀನಿ. ಕೌಂಟರಿನ ಒಳಗಡೆ, ನನಗೆ ಮಾತ್ರ ಕಾಣೋ ಹಾಗೆ ಒಂದು ಚೀಟಿ ಅಂಟಿಸಿದ್ದೀನಿ. "ವೆನ್ ಡಿಡ್ ಯು ಲಾಸ್ಟ್ ಈಟ್" ಅಂತ ಮೇಲೆ, "ಕುಡ್ ಯು" ಅಂತ ಕೆಳಗೆ. ನಿನ್ನೆ ಒಬ್ಬ ಹುಡುಗ "ಅಟ್ ನೈನ್ ಲಾಸ್ಟ್ ನೈಟ್" ಅಂದ, ಎಣಿಸಿ ಒಳಗೆ ಕಳಿಸಿದೆ.

ಇವತ್ತು ಬೆಳಿಗ್ಗೆ ಹೋದ ವಾರದ ಆ ಹುಡುಗಿಯೇ ರಿಪೋರ್ಟ್ ತೋರಿಸೋಕೆ ಬಂದಳು. "ಡಾಕ್ಟರ್ ಈಸ್ ಇನ್‌ಸೈಡ್. ಕುಡ್ ಯು ವೇಟ್ ಎ ಮಿನಿಟ್? ಹಿ ವಿಲ್ ಕಾಲ್ ಯು" ಅಂದೆ. ಅವಳು ಥ್ಯಾಂಕ್ಸ್ ಅಂದು ಕೂತಳು. ಬಾಗಿಲು ತೆರೆದೇ ಇತ್ತು. ಡಾಕ್ಟರ್ ತಲೆ ಎತ್ತಿ ನೋಡಿದರು, ಮತ್ತೆ ರಿಪೋರ್ಟ್ ಓದೋಕೆ ಶುರುಮಾಡಿದರು.